ಹಾತೂರು ಬರೋದರೊಳಗೆ ಗೊತ್ತಾಗೋಯ್ತು

ಹೋದ ವಾರ ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೆ ಬಸ್ಸಲ್ಲಿ ಹೋಗ್ತಿದ್ದೆ, ಮುಂದಿನ ಸೀಟಲ್ಲಿ ಇಬ್ಬರು ಹೆಂಗಸರು ಫೋನಿಗೆ ಬಂದ ಒಂದು ನ್ಯೂಸ್ ಓದ್ತಾ ಇದ್ರು. ಹುಡುಗಿ ಮೇಲೆ ಅತ್ಯಾಚಾರ, ಆರೋಪಿ ಬಂಧನ. ಹೆಸರಿಲ್ಲ, ಫೋಟೋ ಇಲ್ಲ, ಎಲ್ಲಾ ರೂಲ್ಸ್ ಪ್ರಕಾರನೇ. ಆದ್ರೆ ವಯಸ್ಸಿತ್ತು, ಯಾವ ಕಾಲೇಜು ಅಂತಿತ್ತು, ಅಪ್ಪ ಯಾವ ತೋಟದಲ್ಲಿ ಕೆಲಸ ಅಂತಿತ್ತು. 'ಆ ತೋಟದ ಕೂಲಿ ಲೈನ್ ಮನೇಲಿ ಕಾಲೇಜಿಗೆ ಹೋಗೋ ಮಕ್ಕಳು ಎಷ್ಟಿದ್ದಾವೆ ಹೇಳು' ಅಂದ್ಲು ಒಬ್ಬಳು. ಇನ್ನೊಬ್ಬಳು ಬೆರಳು ಮಡಚಿ ಎಣಿಸಿದ್ಲು. ಬಸ್ಸು ಹಾತೂರು ದಾಟೋದರೊಳಗೆ ಹೆಸರು ಸಿಕ್ಕಿತ್ತು.

ನಮ್ಮ ಇಡೀ ಕೊಡಗು ಜಿಲ್ಲೆಗೆ 2011ರ ಜನಗಣತಿ ಪ್ರಕಾರ ಇರೋದೇ ಐದೂವರೆ ಲಕ್ಷ ಜನ. ನಮ್ಮಲ್ಲಿ ಹೊಸಬರು ಸಿಕ್ಕಿದ್ರೆ ಮೊದಲು ಕೇಳೋದೇ ಯಾವ ಮನೆ ಅಂತ, ಕೊಡವರಾದ್ರೆ ಒಕ್ಕದ (ಕುಲದ) ಹೆಸರು, ಗೌಡರಾದ್ರೆ ಮನೆತನ, ಕೂಲಿಯವರಾದ್ರೆ ತೋಟದ ಹೆಸರು. ಅಷ್ಟು ಹೇಳಿದ್ರೆ ಸ್ವಂತ ಹೆಸರು ಹೇಳೋ ಅಗತ್ಯನೇ ಇಲ್ಲ. ಅಂಥ ಊರಲ್ಲಿ 'ಹೆಸರು ಬದಲಾಯಿಸಲಾಗಿದೆ' ಅಂತ ಬ್ರಾಕೆಟ್ಟಲ್ಲಿ ಹಾಕಿ ಕೈ ತೊಳ್ಕೊಳ್ಳೋದು ಯಾರನ್ನ ಕಾಪಾಡುತ್ತೆ, ವರದಿಗಾರನನ್ನ ಅಷ್ಟೇ.

ಕಾನೂನು ಕೂಡ ಬರೀ ಹೆಸರು ಅಂತ ಹೇಳಲ್ಲ. 1972ರಲ್ಲಿ ಮಹಾರಾಷ್ಟ್ರದ ಒಬ್ಬ ಆದಿವಾಸಿ ಹುಡುಗಿ ಮೇಲೆ ಪೊಲೀಸ್ ಠಾಣೆ ಒಳಗೇ ಅತ್ಯಾಚಾರ ಆಯ್ತು, 1979ರಲ್ಲಿ ಸುಪ್ರೀಂ ಕೋರ್ಟು ಇಬ್ಬರೂ ಪೊಲೀಸರನ್ನ ಬಿಟ್ಟುಬಿಡ್ತು, ದೇಶದಾದ್ಯಂತ ಗಲಾಟೆ ಆಗಿ 1983ರಲ್ಲಿ ತಿದ್ದುಪಡಿ ಬಂತು, ಗುರುತು ಬಹಿರಂಗ ಮಾಡಿದ್ರೆ ಎರಡು ವರ್ಷದವರೆಗೆ ಜೈಲು ಅನ್ನೋ ಐಪಿಸಿಯ (ಭಾರತೀಯ ದಂಡ ಸಂಹಿತೆ) 228ಎ ಸೆಕ್ಷನ್ ಬಂದಿದ್ದು ಆಗಲೇ. (ವಿಚಿತ್ರ ನೋಡಿ, ಆ ಕೇಸನ್ನ ಕಾನೂನು ಪುಸ್ತಕಗಳು ಇವತ್ತಿಗೂ ಆ ಹುಡುಗಿ ಹೆಸರಲ್ಲೇ ಕರೆಯೋದು.) ಈಗ ಅದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. 2018ರ ಡಿಸೆಂಬರಲ್ಲಿ ನಿಪುಣ್ ಸಕ್ಸೇನಾ ಕೇಸಲ್ಲಿ ಸುಪ್ರೀಂ ಕೋರ್ಟು ಇನ್ನೂ ಬಿಡಿಸಿ ಹೇಳ್ತು, ಪರೋಕ್ಷವಾಗಿ ಕೂಡ ಗುರುತು ಸಿಗೋ ಥರದ ಯಾವ ವಿವರವೂ ಬರಬಾರದು, ಆಕೆ ಸತ್ತಿದ್ರೂ ಬರಬಾರದು ಅಂತ. ಅದೇ ವರ್ಷ ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರ ಮಾಡಿ ಕೊಂದ ಮಗುವಿನ ಗುರುತು ಹಾಕಿದ್ದಕ್ಕೆ ದಿಲ್ಲಿ ಹೈಕೋರ್ಟು ಮಾಧ್ಯಮ ಸಂಸ್ಥೆಗಳಿಗೆ ತಲಾ 10 ಲಕ್ಷ ಕಟ್ಟಿಸಿತ್ತು. ದೊಡ್ಡ ದೊಡ್ಡ ಚಾನೆಲ್ಲಿನ ಕಥೆನೇ ಅದು, ನಮ್ಮ ವಾಟ್ಸಾಪ್ ನ್ಯೂಸ್ ಗ್ರೂಪಿನವರನ್ನ ಕೇಳೋರು ಯಾರು.

ಬೇರೆಯವರಿಗೆ ಬೈಯೋ ಯೋಗ್ಯತೆ ನನಗೇನೂ ಇಲ್ಲ. ಒಂದು ಪತ್ರಿಕೆಗೆ ಕೆಲವು ವರ್ಷ ಅರೆಕಾಲಿಕ ವರದಿಗಾರ್ತಿ ಆಗಿದ್ದೆ. ಆಗ ಇಂಥದ್ದೇ ಒಂದು ಕೇಸ್ ಬಂತು, ಯಾವ ವರ್ಷ ಯಾವ ಊರು ಅಂತ ಬರೆಯಲ್ಲ, ಬರೆದ್ರೆ ಅದೇ ತಪ್ಪು ಇನ್ನೊಂದ್ಸಲ. ಡೀಟೇಲ್ ಇದ್ರೇನೇ ಸ್ಟೋರಿ ಅಂತ ಕಲಿಸಿದ್ರಲ್ಲ, ಹಾಗಾಗಿ ತಾಯಿ ಮೆಣಸು ಕುಯ್ಯೋಕೆ ಹೋಗಿದ್ದು, ಮನೆ ತೋಡಿನ ಪಕ್ಕದಲ್ಲಿ ಕೊನೇದು ಅನ್ನೋದು, ಅಣ್ಣ ಡ್ರೈವರ್ ಅನ್ನೋದು, ಎಲ್ಲಾ ಬರೆದೆ. ಚೆನ್ನಾಗಿ ಬಂದಿದೆ ಅಂತ ನನಗೆ ನಾನೇ ಖುಷಿ ಪಟ್ಟಿದ್ದೂ ನೆನಪಿದೆ. ಎರಡು ದಿನ ಬಿಟ್ಟು ಆ ಕಡೆಯ ಆಶಾ ಕಾರ್ಯಕರ್ತೆ ಫೋನ್ ಮಾಡಿದ್ರು. 'ಹೆಸರು ಹಾಕ್ಲಿಲ್ಲ, ಸರಿ ಮೇಡಂ. ಮನೆಗೆ ದಾರಿ ಹೇಳಿಬಿಟ್ರಲ್ಲ' ಅಂದ್ರು. ಜಗಳ ಮಾಡಿದ್ರೆ ಉತ್ತರ ಕೊಡ್ತಿದ್ನೋ ಏನೋ, ಅವರು ಅಷ್ಟು ಹೇಳಿ ಇಟ್ಟುಬಿಟ್ರು. ಕಾಫಿ ಕುಯ್ಲು ಅರ್ಧ ಆಗಿರೋವಾಗ್ಲೇ ಆ ಮನೆಯವರು ಲೆಕ್ಕ ಚುಕ್ತಾ ಮಾಡ್ಕೊಂಡು ತೋಟ ಬಿಟ್ಟು ಹೋದ್ರು.

ಆಮೇಲಿಂದ ನನ್ನ ಹಳೇ ಸುದ್ದಿಗಳನ್ನೆಲ್ಲ ತೆಗೆದು ಓದಿದೆ. ನಾಚಿಕೆ ಆಯ್ತು. 'ಪುಸಲಾಯಿಸಿ', 'ಪ್ರೇಮದ ಬಲೆಗೆ ಬೀಳಿಸಿ', 'ಕಾಮುಕ', 'ಬಾಳು ಹಾಳು', ಇವೆಲ್ಲ ಕೈಯಲ್ಲಿ ತಾನಾಗೇ ಬರ್ತಿದ್ವು. 'ಮಾನಭಂಗ' ಅಂತೂ ದಿನಾ. ಮಾಡಿದವನು ಅವನು, ಭಂಗ ಆಗೋ ಮಾನ ಮಾತ್ರ ಇವಳದ್ದು. ಈಗ ಎಲ್ಲರೂ ಸಂತ್ರಸ್ತೆ ಅಂತ ಬರೀತಾರೆ, ಪರವಾಗಿಲ್ಲ. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರಿನವರಿಗೂ ಸಂತ್ರಸ್ತರು ಅಂತಲೇ ಬರೆದಿದ್ವಿ, ಅವರನ್ನ ಯಾರೂ ಅಷ್ಟೊತ್ತಲ್ಲಿ ಮನೇಲಿ ಯಾಕೆ ಇದ್ರಿ ಅಂತ ಕೇಳ್ಲಿಲ್ಲ (ಗುಡ್ಡದಲ್ಲಿ ಯಾಕೆ ಮನೆ ಕಟ್ಟಿದ್ರಿ ಅಂದವರು ಇದ್ರು ಬಿಡಿ). ಹುಡುಗಿಗೆ ಮಾತ್ರ 'ಒಬ್ಬಳೇ ಹೋಗುತ್ತಿದ್ದಾಗ' ಅಂತ ಒಂದು ಸಾಲು ಸೇರಿಸದೆ ಸುದ್ದಿ ಮುಗಿಯಲ್ಲ.

ಫೋಟೋ ಬಗ್ಗೆನೂ ಹೇಳ್ಬೇಕು. ನಮ್ಮ ಆಫೀಸಿನ ಪೇಜ್ ಮಾಡೋ ಕಂಪ್ಯೂಟರಲ್ಲಿ 'ರೇಪ್' ಅಂತಲೇ ಒಂದು ಫೋಲ್ಡರ್ ಇತ್ತು, ಒಳಗೆ ನಾಲ್ಕು ಚಿತ್ರ, ಮಂಡಿಯಲ್ಲಿ ಮುಖ ಮುಚ್ಕೊಂಡ ಹುಡುಗಿ, ಗೋಡೆ ಮೇಲೆ ಕೈಯ ನೆರಳು, ಹಾಗೇ. ಸರದಿ ಮೇಲೆ ಹಾಕೋದು. ಒಂದರಲ್ಲಾದ್ರೂ ಗಂಡಸಿನ ಮುಖ ಇರ್ಲಿಲ್ಲ.

ಆರೋಪಿ ವಿಷಯಕ್ಕೆ ಬಂದ್ರೆ ನಮ್ಮ ಪೆನ್ನು ಜಾಗ ನೋಡಿ ಓಡುತ್ತೆ. ಕೂಲಿಗೆ ಬಂದವನಾದ್ರೆ ಹೆಡ್ಡಿಂಗಲ್ಲೇ 'ಅಸ್ಸಾಂ ಮೂಲದ ಕಾರ್ಮಿಕ'. ತೋಟದ ಮಾಲೀಕನಾದ್ರೆ 'ಪ್ರತಿಷ್ಠಿತ ಕುಟುಂಬದ ವ್ಯಕ್ತಿ', ಒಳಪುಟದಲ್ಲಿ, ಮೂರು ಸಾಲು. ಮಾಡಿದವನ ಹೆಸರು ಹಾಕಿ ಅಂತ ಓದುಗರು ಕೂಗ್ತಾರೆ, ನ್ಯಾಯನೇ, ಆದ್ರೆ ದೇಶದ ಅಪರಾಧಗಳ ಲೆಕ್ಕ ಇಡೋ ಎನ್‌ಸಿಆರ್‌ಬಿಯ 2021ರ ಅಂಕಿಯಲ್ಲಿ 31,677 ಅತ್ಯಾಚಾರ ಪ್ರಕರಣ, ಅದರಲ್ಲಿ ನೂರಕ್ಕೆ 96ರಷ್ಟರಲ್ಲಿ ಆರೋಪಿ ಗುರುತಿದ್ದವನೇ, ಮನೆಯವನು, ನೆಂಟ, ಪಕ್ಕದವನು. ಚಿಕ್ಕಪ್ಪನ ಹೆಸರು ಅಚ್ಚಾದ್ರೆ ಹುಡುಗಿ ಹೆಸರು ಯಾಕೆ ಬೇಕು. ಹಾಗಂತ ಇದೇ ನೆಪ ಹಿಡ್ಕೊಂಡು ದೊಡ್ಡವರ ಹೆಸರು ನುಂಗಿದ್ದನ್ನೂ ನೋಡಿದ್ದೀನಿ.

ಈಗ ನಾನು ಬರೆಯಲ್ಲ, ಆದ್ರೆ ಒಬ್ಬ ಹೊಸ ಹುಡುಗ ಇಂಥ ಸುದ್ದಿ ಇದ್ರೆ ನನಗೆ ತೋರಿಸಿ ಕಳಿಸ್ತಾನೆ. ಮೊನ್ನೆ ರಾತ್ರಿ ಒಂಬತ್ತಕ್ಕೆ ಫೋನು. 'ಅಕ್ಕ, ತೋಟದ ಹೆಸರು ತೆಗೆದೆ, ಕಾಲೇಜು ತೆಗೆದೆ, ವಯಸ್ಸೂ ತೆಗೆದೆ. ಆರೋಪಿ ಅದೇ ತೋಟದ ರೈಟರ್, ಅದನ್ನ ಹಾಕಬಹುದಾ?' ಅಂದ. ರೈಟರ್ ಅಂದ್ರೆ ಹಾಜರಿ ಪುಸ್ತಕ ಅವನ ಕೈಲಿರುತ್ತೆ, ಸಂಬಳದ ಚೀಟಿ ಅವನ ಕೈಲಿರುತ್ತೆ, ಹುಡುಗಿ ಯಾಕೆ ಅಷ್ಟು ದಿನ ಬಾಯಿ ಬಿಡ್ಲಿಲ್ಲ ಅನ್ನೋದಕ್ಕೆ ಉತ್ತರನೇ ಅದು. ಅದನ್ನ ತೆಗೆದ್ರೆ ಸುದ್ದಿಯಲ್ಲಿ ಏನೂ ಉಳಿಯಲ್ಲ. ಅದನ್ನ ಹಾಕು, ಆದ್ರೆ ತಾಲೂಕಿನ ಹೆಸರು ಕೂಡ ತೆಗಿ ಅಂದೆ. 'ಎಲ್ಲಿ ನಡೀತು ಅಂತ ಡೆಸ್ಕಿನವರು ಕೇಳ್ತಾರಲ್ಲ ಅಕ್ಕ' ಅಂದ. ಕೊಡಗಲ್ಲಿ ಅನ್ನು ಅಂದೆ.