ಎರಡು ಆಲ್ಟೊ, ಒಂದು ಗಾಂಧಾರ

ನಮ್ಮ ಕಾಲದ ಸಂಗೀತ ಕೋಣೆಯಲ್ಲಿ ಸ್ಯಾಕ್ಸೊಫೋನ್ ಪಾಠ ಶುರುವಾಗುತ್ತಿದ್ದುದು ಸ್ಯಾಕ್ಸೊಫೋನ್ ಇಲ್ಲದೆ. ಆಲ್ಟೊ ಎಂಬ ಮಧ್ಯಮ ಗಾತ್ರದ ಸ್ಯಾಕ್ಸೊಫೋನಿನ ಮೌತ್‌ಪೀಸ್ ಒಂದನ್ನೇ ಬಾಯಿಗಿಟ್ಟು ಊದಬೇಕು, ಬರುವ ಸ್ವರ ಪಿಯಾನೊದ ‘ಎ’ ಸ್ವರದ ಜೊತೆ ಕೂಡಬೇಕು. ಹೊಸಬರದು ಯಾವಾಗಲೂ ಅದಕ್ಕಿಂತ ಮೇಲೆ. ಮೌತ್‌ಪೀಸಿನಲ್ಲಿ ಕಂಪಿಸುವ ತೆಳು ಪಟ್ಟಿಯಾದ ರೀಡನ್ನು ಕಚ್ಚಿ ಹಿಡಿದರೆ ಅದಕ್ಕೆ ಕಂಪಿಸಲು ಜಾಗವಿರುವುದಿಲ್ಲ. ಶ್ರುತಿ ಏರುತ್ತದೆ, ನಾದ ತೆಳುವಾಗುತ್ತದೆ. ದವಡೆ ಸಡಿಲಿಸಿ ಅದೇ ‘ಎ’ಯಿಂದ ನಾಲ್ಕೈದು ಸ್ವರ ಕೆಳಗೆ ಜಾರಿ, ಮುರಿಯದೆ ಮತ್ತೆ ಮೇಲೆ ಬರುವುದು ಎರಡನೇ ಪಾಠ. ಈ ಕಸರತ್ತು ಏಕೆ ಎಂದು ಕೇಳಿದವರಿಗೆ ಮೇಷ್ಟ್ರು ವಿವರಿಸುತ್ತಿರಲಿಲ್ಲ. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪನವರ ‘ಕಿನ್ಸ್‌ಮೆನ್’ ಆಲ್ಬಮ್ ಹಾಕಿ ಕೂರಿಸುತ್ತಿದ್ದರು.

ಮಹಾಂತಪ್ಪ ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟೆಯಲ್ಲಿ. ಬೆಳೆದದ್ದು ಅಮೆರಿಕದ ಕೊಲೊರಾಡೊದ ಬೋಲ್ಡರ್‌ನಲ್ಲಿ. ತಂದೆ ಭೌತವಿಜ್ಞಾನಿ. ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜು, ಶಿಕಾಗೊದ ಡಿಪಾಲ್ ವಿಶ್ವವಿದ್ಯಾಲಯಗಳಲ್ಲಿ ಓದು, ಆಮೇಲೆ ನ್ಯೂಯಾರ್ಕ್. ಬರ್ಕ್ಲಿಯಲ್ಲಿದ್ದಾಗ ಅಣ್ಣ ತಮಾಷೆಗೆಂದು ಕೊಟ್ಟ ಧ್ವನಿಮುದ್ರಿಕೆಯಿಂದಲೇ ಅವರಿಗೆ ಕದ್ರಿ ಗೋಪಾಲನಾಥರ ಪರಿಚಯವಾದದ್ದು. ಅದೇ ಆಲ್ಟೊ, ಆದರೆ ಅದರೊಳಗಿಂದ ಬರುತ್ತಿದ್ದುದು ಕರ್ನಾಟಕ ಸಂಗೀತ.

ಇದು ಎಷ್ಟು ಕಷ್ಟದ ಕೆಲಸವೆಂದು ತಿಳಿಯಲು ತೋಡಿ ರಾಗದ ಓಲಾಡುವ ಗಾಂಧಾರ (ಗ) ಸ್ವರವನ್ನು ಆಲ್ಟೊದಲ್ಲಿ ಒಮ್ಮೆ ನುಡಿಸಿ ನೋಡಬೇಕು. ಕೊಳಲಿನಲ್ಲಿ ಬೆರಳು ರಂಧ್ರದ ಮೇಲೇ ಕೂತಿರುತ್ತದೆ, ಸವರಿದರೆ ಸ್ವರ ಜಾರುತ್ತದೆ. ಸ್ಯಾಕ್ಸೊಫೋನಿನ ರಂಧ್ರಗಳು ದೊಡ್ಡವು. ಅವನ್ನು ಮುಚ್ಚುವುದು ಚರ್ಮ ಹೊದಿಸಿದ ಪ್ಯಾಡು, ಬೆರಳಲ್ಲ. ಕೀಲಿಯನ್ನು ಅರ್ಧ ಒತ್ತಿದರೆ ಸ್ವರದ ಓಲಾಟವಾದ ಗಮಕ ಬರುವುದಿಲ್ಲ, ಮಂಕಾದ ಉಸಿರುಸಿರು ಸದ್ದು ಬರುತ್ತದೆ. ಆದ್ದರಿಂದ ಕೀಲಿಯನ್ನು ನಿಧಾನವಾಗಿ ಬಿಡುವಾಗಲೇ ದವಡೆ, ನಾಲಿಗೆಯ ಹಿಂಭಾಗ ಮತ್ತು ಗಂಟಲು ಸೇರಿ ಉಳಿದ ಅಂತರವನ್ನು ತುಂಬಬೇಕು. ಬಾಯಿಯಿಂದ ಸ್ವರವನ್ನು ಕೆಳಗಿಳಿಸುವುದು ಸುಲಭ, ಮೇಲಕ್ಕೆತ್ತುವುದು ಹೆಚ್ಚುಕಡಿಮೆ ಅಸಾಧ್ಯ. ಹಾಗಾಗಿ ಮಧ್ಯಮದ ಕೀಲಿ ಹಿಡಿದು ಮೇಲಿನಿಂದ ಗಾಂಧಾರಕ್ಕೆ ಇಳಿಯುವುದೇ ಸರಿಯಾದ ದಾರಿ. ಕೆಳಗಿನ ಮಂದ್ರ ಸ್ಥಾಯಿಯಲ್ಲಿ ಸ್ವರ ಅಷ್ಟಾಗಿ ಬಾಗುವುದಿಲ್ಲ, ಮೇಲಿನ ತಾರಕ್ಕೆ ಹೋದಂತೆ ಬೇಕಾದ್ದಕ್ಕಿಂತ ಹೆಚ್ಚು ಬಾಗುತ್ತದೆ. ರೀಡು ತೀರಾ ಗಟ್ಟಿಯಿದ್ದರೆ ಜಾರು ಹುಟ್ಟುವುದಿಲ್ಲ, ತೀರಾ ಮೆದುವಾದರೆ ನಿಲ್ಲಬೇಕಾದ ಆಧಾರಸ್ವರ ಷಡ್ಜವೇ (ಸ) ಓಲಾಡುತ್ತದೆ.

2008ರ ‘ಕಿನ್ಸ್‌ಮೆನ್’ನಲ್ಲಿ ಮಹಾಂತಪ್ಪ, ಗೋಪಾಲನಾಥ್ ಇಬ್ಬರ ಆಲ್ಟೊಗಳ ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯವರ ಗಿಟಾರು, ಕೆಳಸ್ವರ ಹಿಡಿಯುವ ಬಾಸು, ಡ್ರಮ್ಮು. ಇಂಥ ಕೂಟದಲ್ಲಿ ತಾಳ ತೊಡಕಲ್ಲ, ಲೆಕ್ಕ ಎರಡೂ ಕಡೆಯವರಿಗೆ ಬರುತ್ತದೆ. ತೊಡಕು ಷಡ್ಜದ್ದು. ರಾಗಕ್ಕೆ ಆಧಾರ ಷಡ್ಜ ಕದಲಬಾರದು; ಜಾಝ್‌ನಲ್ಲಿ ಸ್ವರಮೇಳ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಅಂದರೆ ಕಾರ್ಡ್) ಎರಡು ಮಾತ್ರೆಗೊಮ್ಮೆ ಬದಲಾದರೂ ಆಶ್ಚರ್ಯವಿಲ್ಲ. ಕೆಳಗೆ ಬಾಸ್ ಬೇರೆ ಸ್ವರಕ್ಕೆ ಸರಿದರೆ ಮೇಲಿನ ಗಾಂಧಾರವನ್ನು ಕಿವಿ ಪಂಚಮವೆಂದೋ ನಿಷಾದವೆಂದೋ ಕೇಳಿಸಿಕೊಂಡುಬಿಡುತ್ತದೆ, ರಾಗ ಅಲ್ಲಿಗೆ ಮುಗಿಯಿತು. ಆದ್ದರಿಂದ ಬಾಸ್ ಒಂದೇ ಸ್ವರಗುಚ್ಛವನ್ನು ಹಿಡಿದು ತಿರುಗಬೇಕು, ಗಿಟಾರು ರಾಗದ ಸ್ವರಗಳಿಂದಲೇ ಮೇಳ ಕಟ್ಟಬೇಕು. ಇದನ್ನು ಮರೆತ ‘ಫ್ಯೂಷನ್’ ಕಛೇರಿಗಳಲ್ಲಿ ಎರಡು ಸಂಗೀತಗಳು ಪಕ್ಕಪಕ್ಕ ಕೂತು ಬೆನ್ನು ತಿರುಗಿಸಿಕೊಂಡಿರುತ್ತವೆ, ಅಷ್ಟೆ.

ಮಹಾಂತಪ್ಪನವರ 2004ರ ಆಲ್ಬಮ್ ‘ಮದರ್ ಟಂಗ್’ ನಮ್ಮವರಿಗೆ ಇನ್ನೂ ಹತ್ತಿರದ್ದು. ‘ನೀವು ಇಂಡಿಯನ್ ಮಾತಾಡುತ್ತೀರಾ?’ ಎಂಬ ಪೆದ್ದು ಪ್ರಶ್ನೆಗೆ ಬೇರೆ ಬೇರೆ ಭಾಷೆಯವರು ಕೊಟ್ಟ ಉತ್ತರಗಳನ್ನು ಮುದ್ರಿಸಿ, ಮಾತಿನ ಏರಿಳಿತವನ್ನು ಸ್ವರಕ್ಕಿಳಿಸಿ ಅದರಿಂದ ರಚನೆ ಹೆಣೆದಿದ್ದಾರೆ. ಒಂದರ ಹೆಸರೇ ‘ಕನ್ನಡ’. ಇದನ್ನು ಯಾರು ಬೇಕಾದರೂ ಮಾಡಬಹುದು. ಹತ್ತು ಸೆಕೆಂಡಿನ ಮಾತು ಸಾಕು, ಅರ್ಧ ವೇಗದಲ್ಲಿ ಕೇಳಿ ಮೊದಲು ಲಯ, ಆಮೇಲೆ ಸ್ವರ ಬರೆದುಕೊಳ್ಳಬೇಕು. ಹೆಚ್ಚಿನವರು ಎಡವುವುದು ಮಾತನ್ನು ನಾಲ್ಕು ಮಾತ್ರೆಯೊಳಗೆ ತುರುಕಲು ಹೋಗಿ. ಐದೂವರೆ ಮಾತ್ರೆಗೆ ಮುಗಿದ ಮಾತು ಐದೂವರೆಯಲ್ಲೇ ಇರಲಿ. ಅದನ್ನು ದ್ವಿಗುಣಿಸಿ ಹನ್ನೊಂದರ ಆವರ್ತ ಮಾಡಿಕೊಂಡರೆ ಭಾಷೆಯ ನಡೆ ಉಳಿಯುತ್ತದೆ.

ಅವರಿಗೆ ಅಮೆರಿಕದ ಗುಗ್ಗೆನ್‌ಹೈಮ್ ಫೆಲೋಶಿಪ್ ಸಿಕ್ಕಿದ್ದು 2007ರಲ್ಲಿ. 2016ರಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ಹೊಣೆ. ಮುಖ್ಯವಾದದ್ದು 2015ರ ಆಲ್ಬಮ್ ‘ಬರ್ಡ್ ಕಾಲ್ಸ್’. ‘ಬರ್ಡ್’ ಎಂದೇ ಹೆಸರಾದ ಜಾಝ್ ಆಲ್ಟೊ ವಾದಕ ಚಾರ್ಲಿ ಪಾರ್ಕರ್ ಅವರ ಒಂದು ಹಾಡನ್ನೂ ಅದರಲ್ಲಿ ಇದ್ದಂತೆ ನುಡಿಸಿಲ್ಲ, ಎಲ್ಲವನ್ನೂ ಬಿಚ್ಚಿ ಬೇರೆಯಾಗಿ ಜೋಡಿಸಿದ್ದಾರೆ. ‘ನೌಸ್ ದ ಟೈಮ್’ ಅಲ್ಲಿ ‘ಮೇಬಿ ಲೇಟರ್’ ಆಗುತ್ತದೆ. ‘ಈಗಲೇ’ ಅಂದವರಿಗೆ ‘ಆಮೇಲೆ ನೋಡೋಣ’ ಅಂದ ಹಾಗೆ! ಪಾರ್ಕರ್ ವಾದನದ ಲಯವನ್ನು ಮಾತ್ರ ಇಟ್ಟುಕೊಂಡು ಸ್ವರ ಬದಲಿಸುವ ಅಭ್ಯಾಸ ನಮ್ಮ ತರಗತಿಯಲ್ಲೂ ಇತ್ತು. ಎಂಟು ಬಾರ್‌ಗಳನ್ನು (ತಾಳದ ಖಂಡಗಳನ್ನು) ಮೊದಲು ಚಪ್ಪಾಳೆಯಲ್ಲಿ, ನಂತರ ಒಂದೇ ಸ್ವರದಲ್ಲಿ, ಕೊನೆಗೆ ಸ್ವಂತ ಸ್ವರಗಳಲ್ಲಿ. ಒಂದೇ ಸ್ವರದ ಹಂತವನ್ನು ಹಾರಿಸಿದವರ ನಾಲಿಗೆಯ ಹೊಡೆತ ಕೊನೆಯವರೆಗೂ ಹಿಂದೆ ಬೀಳುತ್ತಿತ್ತು.

ಪಾರ್ಕರ್ ಜನ್ಮಶತಮಾನೋತ್ಸವದ ವರ್ಷ 2020ರಲ್ಲಿ ಬಂದ ಮಹಾಂತಪ್ಪನವರ ಆಲ್ಬಮ್ ‘ಹೀರೊ ಟ್ರಿಯೊ’ದಲ್ಲಿ ಪಿಯಾನೊ ಇಲ್ಲ, ಗಿಟಾರೂ ಇಲ್ಲ. ಬಾಸ್, ಡ್ರಮ್ಸ್, ಆಲ್ಟೊ ಮಾತ್ರ. ಸ್ವರಮೇಳ ಹಿಡಿದುಕೊಡುವವರು ಯಾರೂ ಇಲ್ಲದಾಗ ಪ್ರತಿ ಸ್ವರಮೇಳದ ಗುರುತು ಹೇಳುವ ಮೂರನೇ ಮತ್ತು ಏಳನೇ ಸ್ವರವನ್ನು ಸ್ಯಾಕ್ಸೊಫೋನೇ ಸರಿಯಾದ ತಾಳದ ಪೆಟ್ಟಿನಲ್ಲಿ ಮುಟ್ಟಿ ಹೋಗಬೇಕು. ಅದು ತಪ್ಪಿದರೆ ಎರಡೇ ಸಾಲಿನಲ್ಲಿ ಹಾಡು ಎಲ್ಲಿದೆಯೆಂದು ಕೇಳುಗನಿಗೂ ತಿಳಿಯದು, ಬಾಸ್‌ನವನಿಗೂ ತಿಳಿಯದು.