ಚೆಂಡು ಒಂದೇ, ಕೈಗಳು ಹತ್ತು: ನನ್ನ ಬಾಸ್ಕೆಟ್‌ಬಾಲ್ ಶೀಟಿನ ಮೂರನೇ ತಿಂಗಳು

ಹೋದ ಭಾನುವಾರ ರಾತ್ರಿ ಹಳೆಯ ಶೀಟನ್ನು ಪೂರ್ತಿ ಅಳಿಸಿಬಿಟ್ಟೆ. ಡೊಂಬಿವಲಿಯಿಂದ ಹೊರಡುವ ಫಾಸ್ಟ್ ಲೋಕಲ್‌ನಲ್ಲಿ ಒಂದು ಕೈಲಿ ಹಿಡಿಕೆ, ಇನ್ನೊಂದು ಕೈಲಿ ಫೋನು ಹಿಡಿದು ಎರಡು ತಿಂಗಳು ತುಂಬಿಸಿದ ಅಂಕಿಗಳು. ಹೊಟ್ಟೆ ಉರಿಯಿತು. ಆದರೆ ಇಟ್ಟುಕೊಂಡು ಏನು ಮಾಡೋದು, ಅದು ಕೇಳುತ್ತಿದ್ದ ಪ್ರಶ್ನೆಯೇ ತಪ್ಪಾಗಿತ್ತು.

ಹೊಸಬರಿಗೆ ಎರಡು ಮಾತು. ಬಾಸ್ಕೆಟ್‌ಬಾಲ್ ಆಟಗಾರರ ಅಂಕಿ ತುಂಬಿಸಿ ಲೆಕ್ಕ ಹಾಕೋ ಶೀಟು ಇದು. ಆಟಗಾರ ಎಷ್ಟು ಒಳ್ಳೆಯವನು ಅನ್ನೋದು ನನಗೆ ಬೇಕಿಲ್ಲ, ಯಾವ ಟೀಮಿಗೆ ಹೊಂದುತ್ತಾನೆ ಅನ್ನೋದು ಬೇಕು. ಈ ಹುಚ್ಚು ಹತ್ತಿದ್ದು ಮುಂಬೈನ ವರ್ಲಿಯಲ್ಲಿ. 2019ರ ಅಕ್ಟೋಬರ್ 5ರಂದು ಎನ್‌ಎಸ್‌ಸಿಐ ಡೋಮ್‌ನಲ್ಲಿ ಅಮೆರಿಕದ ಎನ್‌ಬಿಎ ಲೀಗಿನ ಪೇಸರ್ಸ್ ಟೀಮು ಅದೇ ಲೀಗಿನ ಕಿಂಗ್ಸನ್ನು 130-106ರಿಂದ ಸೋಲಿಸಿತು, ನಾನು ಮೇಲಿನ ಸಾಲಿನಲ್ಲಿ ಕೂತಿದ್ದೆ. ಆಗ ಸಬೋನಿಸ್ ಅನ್ನೋ ಆಟಗಾರ ಪೇಸರ್ಸ್‌ನಲ್ಲಿದ್ದ. 2022ರ ಫೆಬ್ರವರಿಯಲ್ಲಿ ಇದೇ ಎರಡು ಟೀಮುಗಳು ಆಟಗಾರರನ್ನು ಅದಲು ಬದಲು ಮಾಡಿಕೊಂಡವು: ಸಬೋನಿಸ್ ಕಿಂಗ್ಸ್‌ಗೆ, ಹ್ಯಾಲಿಬರ್ಟನ್ ಪೇಸರ್ಸ್‌ಗೆ. ಮುಂದಿನ ಸೀಸನ್‌ನಲ್ಲೇ ಕಿಂಗ್ಸ್ 48 ಪಂದ್ಯ ಗೆದ್ದು 2006ರ ನಂತರ ಮೊದಲ ಸಲ ಪ್ಲೇಆಫ್ (ಲೀಗ್ ಪಂದ್ಯಗಳ ನಂತರದ ನಾಕೌಟ್ ಸುತ್ತು) ಕಂಡಿತು. ಪೇಸರ್ಸ್ 2025ರಲ್ಲಿ ಫೈನಲ್‌ಗೇ ಹೋಯಿತು. ಒಂದೇ ವ್ಯಾಪಾರದಲ್ಲಿ ಇಬ್ಬರಿಗೂ ಲಾಭ ಹೇಗೆ?

ನನ್ನ ಹಳೆಯ ಶೀಟಿಗೆ ಇದು ಅರ್ಥವೇ ಆಗಲಿಲ್ಲ. ಅದು ಸುಮ್ನೆ ಐದು ಜನರ ಗುಣ ಕೂಡಿಸುತ್ತಿತ್ತು. ಒಂದು ದಿನ ಯೂಸೇಜ್ ಕಾಲಂ ಕೂಡಿಸಿ ನೋಡಿದರೆ ಒಂದು ಟೀಮಿನದ್ದು 132 ಬಂತು! ಯೂಸೇಜ್ ಅಂದರೆ ಆಟಗಾರ ಅಂಗಳದಲ್ಲಿರುವಾಗ ಟೀಮಿನ ದಾಳಿಗಳಲ್ಲಿ ಎಷ್ಟು ಪಾಲು ಅವನ ಶಾಟಿನಲ್ಲೋ, ಫ್ರೀ ಥ್ರೋನಲ್ಲೋ (ಫೌಲ್ ಆದಾಗ ಸಿಗುವ, ಯಾರೂ ಅಡ್ಡ ಬಾರದ ಎಸೆತ), ಅವನು ಚೆಂಡು ಕಳೆದುಕೊಂಡೋ ಮುಗಿಯುತ್ತೆ ಅಂತ. ಐದು ಜನರದ್ದು ಸೇರಿದರೆ 100 ಆಗಲೇಬೇಕು, ತಲೆಗೆ ಸರಾಸರಿ 20. ಇರೋದು ಒಂದೇ ಚೆಂಡು, ಅಲ್ವಾ.

2021ರಲ್ಲಿ ಲೇಕರ್ಸ್ ಅನ್ನೋ ಎನ್‌ಬಿಎ ಟೀಮು ಮಾಡಿಕೊಂಡ ಎಡವಟ್ಟು ಇದೇ. ಲೆಬ್ರಾನ್, ಡೇವಿಸ್, ಹೊಸದಾಗಿ ಬಂದ ವೆಸ್ಟ್‌ಬ್ರೂಕ್, ಮೂವರ ಯೂಸೇಜೂ 30ರ ಆಸುಪಾಸು. ಉಳಿದ ಇಬ್ಬರಿಗೆ ಸೇರಿ 10. ಹಿಂದಿನ ಸೀಸನ್‌ನಲ್ಲಿ ವೆಸ್ಟ್‌ಬ್ರೂಕ್‌ದು ಪಂದ್ಯಕ್ಕೆ ಸರಾಸರಿ 22.2 ಅಂಕ, 11.5 ರಿಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿಯೋದು), 11.7 ಅಸಿಸ್ಟ್ (ಬುಟ್ಟಿಗೆ ಬೀಳುವ ಶಾಟಿಗೆ ಕೊಟ್ಟ ಪಾಸು), ಕಣ್ಣು ಕುಕ್ಕುವಂಥ ಅಂಕಿಗಳು. ಆದರೆ ಚೆಂಡು ಲೆಬ್ರಾನ್ ಕೈಲಿದ್ದಾಗ ಇವನು ಮೂಲೆಯಲ್ಲಿ ನಿಂತು ಏನು ಮಾಡಬೇಕು? ಅವನ ತ್ರೀ ಪಾಯಿಂಟ್ (ದೂರದಿಂದ ಎಸೆದು ಮೂರು ಅಂಕ ಗಳಿಸುವ ಶಾಟು) ಮೂರಕ್ಕೆ ಒಂದೂ ಸರಿಯಾಗಿ ಬೀಳುತ್ತಿರಲಿಲ್ಲ. ಟೀಮು 33 ಗೆದ್ದು 49 ಸೋತಿತು.

ಹಾಗಾಗಿ ಹೊಸ ಶೀಟಿನಲ್ಲಿ ಮೊದಲು ಐವರ ಯೂಸೇಜನ್ನು 100ಕ್ಕೆ ಇಳಿಸುತ್ತೇನೆ. ಆಮೇಲೆ ಯಾರು ಎಷ್ಟು ಬಿಟ್ಟುಕೊಟ್ಟರು ನೋಡಿ, ಅವರು ಚೆಂಡಿಲ್ಲದಾಗ ಯಾವ ಕೆಲಸಕ್ಕೆ ಬರುತ್ತಾರೆ ಅನ್ನೋದಕ್ಕೆ ಬೇರೆ ಅಂಕ. ಇದರಲ್ಲಿ ಹಾಕಿದರೆ ಆ ಸಬೋನಿಸ್-ಹ್ಯಾಲಿಬರ್ಟನ್ ವ್ಯಾಪಾರ ಎರಡೂ ಕಡೆ ಲಾಭ ತೋರಿಸಿತು. ಅದಕ್ಕೆ ಮೊದಲು ಕಿಂಗ್ಸ್‌ನಲ್ಲಿ ಫಾಕ್ಸ್ ಮತ್ತು ಹ್ಯಾಲಿಬರ್ಟನ್ ಇಬ್ಬರಿಗೂ ಚೆಂಡು ಬೇಕಿತ್ತು, ಪೇಸರ್ಸ್‌ನಲ್ಲಿ ಸಬೋನಿಸ್ ಮತ್ತು ಟರ್ನರ್ ಇಬ್ಬರೂ ಸೆಂಟರ್‌ಗಳು, ಅಂದರೆ ಟೀಮಿನ ಎತ್ತರದ ಆಟಗಾರರು. ಖುಷಿಯಾಯಿತು, ಆದರೆ ಜಾಸ್ತಿ ಹೊತ್ತು ಅಲ್ಲ. ಉತ್ತರ ಗೊತ್ತಿಟ್ಟುಕೊಂಡು ಲೆಕ್ಕ ಬರೆದರೆ ತಾಳೆ ಆಗದೆ ಇನ್ನೇನು.

ನಡುವೆ ಮುಂಬೈನ ನಾಗಪಾಡಾದಲ್ಲಿ ಒಂದು ಪಾಠ ಆಯಿತು. ಹುಡುಗರ ಪಂದ್ಯ ನೋಡುತ್ತಾ ಕಾಗದದ ಮೇಲೆ ಶಾಟ್ ಗುರುತು ಹಾಕುತ್ತಿದ್ದೆ, ಬಿದ್ದರೆ ಚುಕ್ಕೆ, ತಪ್ಪಿದರೆ ಕತ್ತರಿ. ಕಟಿಂಗ್ ಚಹಾ ಚೆಲ್ಲಿ ಎಡಮೂಲೆಯ ಮೂರು ಗುರುತು ಕರಗಿಹೋದವು. ಒಬ್ಬ ಹುಡುಗ ಐದರಲ್ಲಿ ನಾಲ್ಕು ತ್ರೀ ಹಾಕಿದ, ಶೀಟು ಅವನನ್ನು ಎಲ್ಲರ ತಲೆ ಮೇಲೆ ಕೂರಿಸಿತು. ಐದೇ ಶಾಟು ಮಾರಾಯ್ರೆ! 100 ಶಾಟು ನೋಡಿದರೂ ಶೇ. 36ರ ಆಟಗಾರ ಬರೀ ಅದೃಷ್ಟದಿಂದ 31ಕ್ಕೆ ಇಳಿಯಬಹುದು, 41ಕ್ಕೆ ಏರಬಹುದು. ಈಗ ಪ್ರತಿಯೊಬ್ಬರಿಗೂ ಶೇ. 36ರ ಲೆಕ್ಕದಲ್ಲಿ 200 ಕಾಲ್ಪನಿಕ ಶಾಟು ಮೊದಲೇ ಸೇರಿಸುತ್ತೇನೆ. 90ರಲ್ಲಿ 40 ಹಾಕಿದವನ 44.4 ಹೀಗೆ 38.6ಕ್ಕೆ ಇಳಿಯುತ್ತೆ. ಆ ಹುಡುಗನಿಗೆ ಹೇಳಿಲ್ಲ.

ಕಣ್ಣು ಕಟ್ಟಿದ ಪರೀಕ್ಷೆಯೂ ಒಂದು ಬೇಕಿತ್ತು. ಬ್ರೂಕ್ ಲೋಪೆಜ್ ಅನ್ನೋ ಸೆಂಟರ್‌ನ 2016ರವರೆಗಿನ ಅಂಕಿ ಮಾತ್ರ ಕೊಟ್ಟು, ಬಕ್ಸ್ ಟೀಮಿನ ತಾರೆ ಯಾನಿಸ್ ಜೊತೆ ಹೊಂದುತ್ತಾನಾ ಅಂತ ಕೇಳಿದೆ. ಶೀಟು ಸುತರಾಂ ಬೇಡ ಅಂತು. ಎಂಟು ಸೀಸನ್‌ನಲ್ಲಿ ಬರೀ 3 ತ್ರೀ ಹಾಕಿದವನು, ಬುಟ್ಟಿಯ ಮುಂದೆ ಯಾನಿಸ್‌ಗೆ ಅಡ್ಡ ನಿಲ್ಲುತ್ತಾನೆ ಅಂತ. 2018-19ರಲ್ಲಿ ಅದೇ ಲೋಪೆಜ್ ಬಕ್ಸ್‌ಗೆ 187 ತ್ರೀ ಹಾಕಿದ, ಟೀಮು 60 ಗೆದ್ದಿತು.

ಆಟಗಾರ ಕಲಿಯುತ್ತಾನೆ ಅನ್ನೋದಕ್ಕೆ ನನ್ನ ಹತ್ತಿರ ಕಾಲಮ್ಮೇ ಇಲ್ಲ. ಒಂದು ಸುಳಿವು ಸಿಕ್ಕಿದೆ: ಲೋಪೆಜ್‌ನ ಫ್ರೀ ಥ್ರೋ ಆಗಲೇ ಶೇ. 80ರ ಹತ್ತಿರ ಇತ್ತು, ಅಂದರೆ ಕೈ ಚೆನ್ನಾಗೇ ಇತ್ತು, ದೂರದಿಂದ ಎಸೆ ಅಂತ ಯಾರೂ ಹೇಳಿರಲಿಲ್ಲ ಅಷ್ಟೇ. ಈ ವಾರ ಎಲ್ಲಾ ಎತ್ತರದವರ ಫ್ರೀ ಥ್ರೋ ತುಂಬಿಸುತ್ತಿದ್ದೇನೆ. ಠಾಣೆ ದಾಟುವಷ್ಟರಲ್ಲಿ ದಿನಕ್ಕೆ ಆರೇಳು ಹೆಸರು ಆಗುತ್ತೆ, ಸೀಟು ಸಿಕ್ಕರೆ ಹತ್ತು.