ಕಾವಾಡಿ ಎಳೆದ ಗೆರೆ

ನನ್ನ ಮಗಳಿಗೆ ನಾಲ್ಕೂವರೆ ವರ್ಷ. ಮಿಕ್ಸಿ ಶುರುವಾದರೆ ಕಿವಿ ಮುಚ್ಚಿಕೊಂಡು ಅಂಗಳಕ್ಕೆ ಓಡುತ್ತಾಳೆ, ಬಲೂನು ಕಂಡರೆ ಒಡೆಯುವ ಮೊದಲೇ ಅಳುತ್ತಾಳೆ. ನಾದಿನಿಯ ಮಗನಿಗೆ ಎಂಟು. ಅವನಿಗೂ ಹೆದರಿಕೆಯೇ, ಆದರೆ ಒಪ್ಪಿಕೊಳ್ಳುವುದಿಲ್ಲ. "ನನಗೇನೂ ಭಯವಿಲ್ಲ ಅತ್ತೆ" ಎನ್ನುತ್ತಲೇ ನನ್ನ ಸೆರಗು ಹಿಡಿದಿರುತ್ತಾನೆ. ದೀಪಾವಳಿ ರಜೆಗೆ ತೀರ್ಥಹಳ್ಳಿ ಹತ್ತಿರದ ಅತ್ತೆಯ ಮನೆಗೆ ಹೋದವರು ಈ ಇಬ್ಬರನ್ನು ಕರೆದುಕೊಂಡು ಒಂದು ದಿನ ಆನೆ, ಹುಲಿ ನೋಡಲು ಹೊರಟೆವು.

ಸಕ್ರೆಬೈಲಿನ ಆನೆ ಬಿಡಾರಕ್ಕೆ ಬೆಳಿಗ್ಗೆಯೇ ಹೋಗಬೇಕು, ಆನೆಗಳ ಸ್ನಾನ ನೋಡಲು ಸಿಗುವುದು ಆಗಲೇ. ಹಾಗಾಗಿ ದಾರಿಯಲ್ಲಿ ಸಿಗುವ ಮಂಡಗದ್ದೆ ಪಕ್ಷಿಧಾಮದಲ್ಲಿ ಕಾರು ನಿಲ್ಲಿಸಲೇ ಇಲ್ಲ. ಬಿಡಾರ ತಲುಪಿದಾಗ ತುಂಗೆಯ ಹಿನ್ನೀರಿನ ಮೇಲೆ ಇನ್ನೂ ಮಂಜು ಇತ್ತು. ಒಂದು ಆನೆ ನೀರಿನಲ್ಲಿ ಮಗ್ಗುಲಾಗಿ ಮಲಗಿತ್ತು. ಉಸಿರಾಡಲು ಸೊಂಡಿಲಿನ ತುದಿಯನ್ನಷ್ಟೇ ಮೇಲೆತ್ತಿತ್ತು, ಮಾವುತ ಅದರ ಹೊಟ್ಟೆಯ ಮೇಲೆ ನಿಂತು ಬ್ರಷ್ಷಿನಿಂದ ತಿಕ್ಕುತ್ತಿದ್ದ. ಇನ್ನೊಂದು ಆನೆ ದಡ ಹತ್ತಿ ನಮ್ಮ ಕಡೆ ನಡೆದು ಬರುತ್ತಿತ್ತು.

ಮಗಳು ಒಂದೇ ಸಲ ಕಿರುಚಿ ನನ್ನ ಕುತ್ತಿಗೆಗೆ ಜೋತುಬಿದ್ದಳು. "ಏನೂ ಮಾಡುವುದಿಲ್ಲ ಪುಟ್ಟಿ, ಮುಟ್ಟಿ ನೋಡು" ಎಂದು ನಮ್ಮವರು ಅವಳ ಕೈ ಹಿಡಿದು ಮುಂದಕ್ಕೆ ಚಾಚಿದರು. ನಾನೂ ಅದನ್ನೇ ಹೇಳಿದೆ. ಅಷ್ಟರಲ್ಲಿ ಆನೆಯ ಪಕ್ಕದಲ್ಲಿ ನಡೆಯುತ್ತಿದ್ದ ಕಾವಾಡಿ (ಮಾವುತನ ಸಹಾಯಕ), ನಲವತ್ತರ ಆಸುಪಾಸಿನವರು, ತಡೆದರು.

"ಮುಟ್ಟಿಸಬೇಡಿ ಅಮ್ಮ. ಮಗು ಹೆದರಿದ್ದು ಸರಿಯಾಗಿಯೇ ಇದೆ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರು ಕೋಲಿನಿಂದ ಹಸಿ ನೆಲದ ಮೇಲೆ ಒಂದು ಗೆರೆ ಎಳೆದರು. ಮಗಳನ್ನು ಇಳಿಸಲು ಹೇಳಿ ಅವಳ ಎತ್ತರಕ್ಕೆ ಕುಳಿತರು. "ಇದು ನಿನ್ನ ಗೆರೆ. ಆನೆ ಇದನ್ನು ದಾಟುವುದಿಲ್ಲ, ನಾನು ನೋಡಿಕೊಳ್ಳುತ್ತೇನೆ. ನೀನು ದಾಟಬೇಕು ಅನ್ನಿಸಿದರೆ ದಾಟು, ಇಲ್ಲದಿದ್ದರೆ ಇಲ್ಲ. ಆದರೆ ಹಿಂದಿನಿಂದ ಮಾತ್ರ ಬರಬಾರದು. ಅದಕ್ಕೆ ನೀನು ಕಾಣಬೇಕು. ಕಾಣದಿದ್ದರೆ ಅದು ಬೆಚ್ಚಿಬೀಳುತ್ತದೆ."

"ನಿಮಗೆ ಹೆದರಿಕೆ ಆಗುವುದಿಲ್ಲವಾ?" ಎಂದು ಕೇಳಿದವನು ನಾದಿನಿಯ ಮಗ.

"ದಿನಾ ಆಗುತ್ತದೆ." ರಾತ್ರಿ ಆನೆಗಳನ್ನು ಮೇಯಲು ಶೆಟ್ಟಿಹಳ್ಳಿ ಕಾಡಿಗೆ ಬಿಡುತ್ತಾರಂತೆ. ಬೆಳಗಿನ ಜಾವ ಕಾಲಿನ ಸರಪಳಿ ನೆಲದ ಮೇಲೆ ಎಳೆದ ಗುರುತು ಹಿಡಿದು ಕಾವಾಡಿ ಹುಡುಕಿಕೊಂಡು ಹೋಗಬೇಕು. "ಬಿದಿರು ಮುರಿದ ಸದ್ದು ಕೇಳಿದರೆ ಅದು ನಮ್ಮ ಆನೆಯೋ ಕಾಡಾನೆಯೋ ಗೊತ್ತಾಗುವುದಿಲ್ಲ. ಎದೆ ಹೊಡೆದುಕೊಳ್ಳುತ್ತದೆ. ಹೆದರಿಕೆ ಇಲ್ಲದವನು ಈ ಕೆಲಸಕ್ಕೆ ಬರಬಾರದು ಮಗನೇ."

ಹುಡುಗ ನನ್ನ ಸೆರಗು ಬಿಟ್ಟ. "ನನಗೂ ಸ್ವಲ್ಪ ಹೆದರಿಕೆ ಇದೆ" ಎಂದ. ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ನನ್ನ ಗಂಟಲು ಕಟ್ಟಿತು.

ಮಗಳು ಅರ್ಧ ಗಂಟೆ ಗೆರೆಯ ಹಿಂದೆಯೇ ನಿಂತಳು. ಆನೆಯ ಕಿವಿಯಂಚಿನ ಗುಲಾಬಿ ಚುಕ್ಕೆಗಳನ್ನು ಎಣಿಸಿದಳು. ಹುಲ್ಲಿನಲ್ಲಿ ಸುತ್ತಿಕೊಟ್ಟ ಭತ್ತದ ಕಟ್ಟನ್ನು ಅದು ಸೊಂಡಿಲಿನ ತುದಿಯ ಒಂದೇ ಒಂದು ಬೆರಳಿನಂಥ ತುಟಿಯಿಂದ ಹಿಡಿದು ಬಾಯಿಗಿಡುವಾಗ ಅವಳ ಬಾಯಿಯೂ ತೆರೆದುಕೊಂಡಿತು. ಹೊರಡುವ ಮುನ್ನ ಒಂದು ಚಪ್ಪಲಿ ಬಿಚ್ಚಿ ಗೆರೆಯ ಆಚೆ ಇಟ್ಟಳು, ತಕ್ಷಣ ಎಳೆದುಕೊಂಡಳು. ಅಷ್ಟೇ. ಆನೆಯನ್ನು ಮುಟ್ಟಲಿಲ್ಲ.

ಶಿವಮೊಗ್ಗದಲ್ಲಿ ಊಟ ಮುಗಿಸಿ ಸಾಗರ ರಸ್ತೆಯ ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿಗೆ ಹೋದೆವು. ಹುಲಿ, ಸಿಂಹಗಳು ನೆರಳಲ್ಲಿ ಮಲಗಿದ್ದವು, ನಾವು ಜಾಲರಿ ಕಿಟಕಿಯ ವಾಹನದೊಳಗಿದ್ದೆವು. ಹೆದರಲು ಏನೂ ಇರಲಿಲ್ಲ. ಆದರೆ ಹಿಂದಿನ ಸೀಟಿನ ನಾಲ್ವರು ಸಿಂಹವನ್ನು ಎಬ್ಬಿಸಲು ಸಿಳ್ಳೆ ಹಾಕಿದರು, ಒಬ್ಬ ಘರ್ಜಿಸಿ ಮಕ್ಕಳ ಕಡೆ ಬಗ್ಗಿದ. ಮಗಳು ಅತ್ತು ಅತ್ತು ವಾಂತಿ ಮಾಡಿಕೊಂಡಳು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಪುಕ್ಕಲು ಮಕ್ಕಳನ್ನು ಕರೆದೊಯ್ಯುವವರು ರಜೆಯ ದಿನ ಬಿಟ್ಟು ಹೋಗಿ, ಚಾಲಕನ ಹಿಂದಿನ ಸೀಟನ್ನೇ ಹಿಡಿಯಿರಿ, ಒಂದು ಜೊತೆ ಬಟ್ಟೆ ಇಟ್ಟುಕೊಳ್ಳಿ. ಅಲ್ಲಿಂದ ಮನೆಯವರೆಗೂ ಅವಳು ಮಾತನಾಡಲಿಲ್ಲ.

ಮನೆ ಸೇರುವಾಗ ಕತ್ತಲಾಗಿತ್ತು. ಅತ್ತೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ನಮ್ಮದು ಮಲೆನಾಡು ಗಿಡ್ಡ ತಳಿಯ ಹಸು, ಹೆಚ್ಚುಕಡಿಮೆ ಮಗಳಷ್ಟೇ ಎತ್ತರ. ಆದರೂ ಅವಳು ಇದುವರೆಗೆ ಆ ಬಾಗಿಲಿನ ಹತ್ತಿರ ಸುಳಿದವಳಲ್ಲ. ಆ ರಾತ್ರಿ ಹೊಸ್ತಿಲಿನ ಆಚೆ ನಿಂತು ಚಪ್ಪಲಿ ಬಿಚ್ಚಿ ಸಾಲಾಗಿ ಇಟ್ಟಳು. ಅವುಗಳ ಹಿಂದೆ ನಿಂತು ಕತ್ತು ಉದ್ದ ಮಾಡಿ ಕೇಳಿದಳು:

"ಅಜ್ಜಿ, ಗೌರಿಗೆ ನಾನು ಕಾಣುತ್ತಿದ್ದೇನಾ?"

ಅತ್ತೆ ಲಾಟೀನನ್ನು ಅವಳ ಮುಖದ ಹತ್ತಿರಕ್ಕೆ ಎತ್ತಿ ಹಿಡಿದರು.